ಗಾಯಕ್ಕೆ ಸಾಕ್ಷಿ ಯಾರು: ಹೊನ್ನಾಳಿ, ಚನ್ನಗಿರಿ ಸೀಮೆಯ ವೀರಗಲ್ಲಿನಿಂದ ಪರಾಕ್ರಮ ಪದಕದವರೆಗೆ

ತುಂಗಭದ್ರೆಯ ದಡದ ಹೊನ್ನಾಳಿ, ಅದಕ್ಕೆ ಹೊಂದಿಕೊಂಡ ನ್ಯಾಮತಿ, ಸೂಳೆಕೆರೆಯ ನೀರುಣ್ಣುವ ಚನ್ನಗಿರಿ ಮತ್ತು ಮಳೆಯನ್ನೇ ನಂಬಿ ಬದುಕುವ ಜಗಳೂರು, ಈ ನಾಲ್ಕೂ ತಾಲ್ಲೂಕುಗಳು ಇಂದು ದಾವಣಗೆರೆ ಜಿಲ್ಲೆಯೊಳಗೆ ಸೇರಿದ್ದರೂ ಚರಿತ್ರೆಯ ಬಹುಕಾಲ ಯಾವ ಒಂದು ಅರಸೊತ್ತಿಗೆಯ ನಡುನಾಡೂ ಆಗಿರಲಿಲ್ಲ. ಪಶ್ಚಿಮದಿಂದ ಬನವಾಸಿ ಹನ್ನೆರಡು ಸಾವಿರ, ಪೂರ್ವದಿಂದ ನೊಳಂಬವಾಡಿ ಮೂವತ್ತೆರಡು ಸಾವಿರ, ದಕ್ಷಿಣದಿಂದ ಗಂಗವಾಡಿ ತೊಂಬತ್ತಾರು ಸಾವಿರ ಎಂದು ಶಾಸನಗಳು ಸಂಖ್ಯೆಯೊಡನೆ ಹೆಸರಿಸುವ ಮೂರು ದೊಡ್ಡ ನಾಡುಗಳು ಒಂದನ್ನೊಂದು ಒತ್ತರಿಸುತ್ತಿದ್ದ ಸೀಮೆ ಇದು. ಚಾಳುಕ್ಯರು, ಕಳಚುರ್ಯರು, ಹೊಯ್ಸಳರು, ದೇವಗಿರಿಯ ಸೇವುಣರು, ಉಚ್ಚಂಗಿಯ ಪಾಂಡ್ಯರು ಒಬ್ಬರ ಬೆನ್ನಿಗೊಬ್ಬರು ಇಲ್ಲಿ ದಂಡು ನಡೆಸಿದರು. ಈಗಿನ ನ್ಯಾಮತಿ ತಾಲ್ಲೂಕಿನ ಬೆಳಗುತ್ತಿಯಲ್ಲಿ ಆಳಿದ ಸಿಂದ ಮನೆತನದವರು ಆಯಾ ಕಾಲದ ಬಲಶಾಲಿಗೆ ಮಾಂಡಲಿಕರಾಗಿ ನಡೆದುಕೊಂಡು ತಮ್ಮ ನೆಲವನ್ನು ಉಳಿಸಿಕೊಂಡರು. ಗಡಿಯ ನಾಡಿನಲ್ಲಿ ಕಾಳಗ ಅಪರೂಪದ ಸಂಗತಿಯಲ್ಲ, ಆದ್ದರಿಂದ ಕಾಳಗದಲ್ಲಿ ನೆತ್ತರು ಸುರಿಸಿದವನನ್ನು ಊರು ಹೇಗೆ ಗುರುತಿಸಬೇಕು, ಅವನ ಮನೆಯವರಿಗೆ ಏನು ಸಲ್ಲಬೇಕು, ಆ ಸಲ್ಲಿಕೆಗೆ ದಾಖಲೆ ಯಾವುದು ಎಂಬ ಪ್ರಶ್ನೆಗಳಿಗೆ ಇಲ್ಲಿನ ಜನ ಸಾವಿರ ವರ್ಷಗಳ ಹಿಂದೆಯೇ ಒಂದು ಉತ್ತರವನ್ನು ಕಂಡುಕೊಂಡಿದ್ದರು.

ಆ ಉತ್ತರವೇ ವೀರಗಲ್ಲು. ಕಾಳಗದಲ್ಲಿ ಮಡಿದವನ ನೆನಪಿಗೆ ಊರ ಮುಂದೆ, ಕೆರೆಯ ಏರಿಯ ಮೇಲೆ ಅಥವಾ ಗುಡಿಯ ಅಂಗಳದಲ್ಲಿ ನಿಲ್ಲಿಸುತ್ತಿದ್ದ ಈ ಕಲ್ಲು ಸಾಮಾನ್ಯವಾಗಿ ಮೂರು ಅಂಕಣಗಳಲ್ಲಿ ಕಥೆ ಹೇಳುತ್ತದೆ. ಕೆಳಗಿನ ಅಂಕಣದಲ್ಲಿ ವೀರ ಕತ್ತಿ ಗುರಾಣಿ ಹಿಡಿದೋ ಬಿಲ್ಲು ಬಾಗಿಸಿಯೋ ಹೋರಾಡುತ್ತಿರುತ್ತಾನೆ. ನಡುವಿನ ಅಂಕಣದಲ್ಲಿ ಅಪ್ಸರೆಯರು ಅವನನ್ನು ತೋಳು ಹಿಡಿದು ಮೇಲಕ್ಕೊಯ್ಯುತ್ತಿರುತ್ತಾರೆ. ಮೇಲಿನ ಅಂಕಣದಲ್ಲಿ ಅವನು ಶಿವಲಿಂಗದ ಮುಂದೆ ಕೈಮುಗಿದು ಕುಳಿತಿರುತ್ತಾನೆ, ಅದರ ನೆತ್ತಿಯಲ್ಲಿ ಸೂರ್ಯಚಂದ್ರರಿರುತ್ತಾರೆ. ಅಂಕಣಗಳನ್ನು ಬೇರ್ಪಡಿಸುವ ಪಟ್ಟಿಗಳ ಮೇಲೆ ಅಕ್ಷರಗಳಿದ್ದರೆ ಅರಸನ ಹೆಸರು, ಕಾಲ, ಕಾಳಗದ ಕಾರಣ, ಸತ್ತವನ ಹೆಸರು, ಕಲ್ಲು ನಿಲ್ಲಿಸಿದವರ ಹೆಸರು ತಿಳಿಯುತ್ತವೆ. ಅಕ್ಷರಗಳಿಲ್ಲದಿದ್ದರೂ ಕಲ್ಲು ಪೂರ್ತಿ ಮೂಕವಲ್ಲ. ಕೆಳಗಡೆ ದನಗಳ ಸಾಲು ಕೆತ್ತಿದ್ದರೆ ಅದು ತುರುಗೊಳ್, ಅಂದರೆ ಊರ ದನಗಳನ್ನು ಕದ್ದೊಯ್ಯಲು ಬಂದವರನ್ನು ತಡೆದ ಕಾಳಗ. ಹೆಂಗಸಿನ ಚಿತ್ರವಿದ್ದರೆ ಅದು ಪೆಣ್ಬುಯ್ಯಲ್, ಅಂದರೆ ಹೆಣ್ಣುಮಕ್ಕಳ ಮಾನ ಕಾಯಲು ನಡೆದ ಹೋರಾಟ. ಊರಿಗೆ ಊರೇ ದಾಳಿಗೆ ತುತ್ತಾದಾಗ ನಡೆದದ್ದು ಊರಳಿವು. ಕೆಲವು ಕಲ್ಲುಗಳಲ್ಲಿ ಶಿಲ್ಪಿ ವೀರನ ಎದೆಗೂ ತೊಡೆಗೂ ನೆಟ್ಟ ಬಾಣಗಳನ್ನು ಒಂದೊಂದಾಗಿ ಕಡೆದಿರುತ್ತಾನೆ. ಗಾಯ ಎಲ್ಲಿ ಆಯಿತು, ಎದುರಿನಿಂದ ಆಯಿತೋ ಬೆನ್ನಿಗೆ ಆಯಿತೋ ಎಂಬುದು ಅಂದಿನವರಿಗೆ ಬಹು ಮುಖ್ಯವಾದ ಸಂಗತಿಯಾಗಿದ್ದುದರಿಂದ, ಆ ಬಾಣಗಳನ್ನು ಅಲಂಕಾರವೆಂದು ತಳ್ಳಿಹಾಕದೆ ಗಾಯದ ವರದಿಯೆಂದೇ ಓದಬೇಕು.

ಈ ಕಲ್ಲುಗಳನ್ನು ಬರಿಯ ಪುರಾತನ ವಸ್ತುಗಳೆಂದು ನೋಡದೆ ಜನಜೀವನದ ಆಕರಗಳೆಂದು ಓದುವ ಕ್ರಮವನ್ನು ಕನ್ನಡದಲ್ಲಿ ಗಟ್ಟಿಯಾಗಿ ನೆಲೆಗೊಳಿಸಿದವರಲ್ಲಿ ಪ್ರಮುಖರಾದ ಎಂ. ಚಿದಾನಂದಮೂರ್ತಿಯವರು 1931ರಲ್ಲಿ ಹುಟ್ಟಿದ್ದು ಇದೇ ಚನ್ನಗಿರಿ ತಾಲ್ಲೂಕಿನ ಹಿರೇಕೋಗಲೂರಿನಲ್ಲಿ. ಅವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಎಂಬ ಗ್ರಂಥ ಜೋಳವಾಳಿ, ವೇಳೆವಾಳಿ ಮೊದಲಾದ ನಿಷ್ಠೆಯ ಬಗೆಗಳನ್ನು ಶಾಸನಗಳಿಂದ ಹೆಕ್ಕಿ ವಿವರಿಸಿತು. ಜೋಳವಾಳಿ ಎಂದರೆ ಉಂಡ ಅನ್ನದ ಋಣಕ್ಕಾಗಿ ಹೋರಾಡುವುದು. ವೇಳೆವಾಳಿ ಎಂದರೆ ಒಡೆಯನು ಸತ್ತ ಹೊತ್ತಿನಲ್ಲಿ ತಾನೂ ಪ್ರಾಣ ಬಿಡುವೆನೆಂದು ಭಾಷೆ ಕೊಟ್ಟು ನಡೆಸುವುದು. ಆರ್. ಶೇಷಶಾಸ್ತ್ರಿಯವರು ವೀರಗಲ್ಲುಗಳನ್ನೇ ವಿಷಯವಾಗಿಟ್ಟುಕೊಂಡು ಪ್ರತ್ಯೇಕ ಅಧ್ಯಯನ ನಡೆಸಿದರು. ಇವರೆಲ್ಲರಿಗೂ ಮೊದಲೇ, ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಬಿ.ಎಲ್. ರೈಸ್ ಅವರು ಊರೂರಿನ ಶಾಸನಗಳ ಪಡಿಯಚ್ಚು ತೆಗೆಸಿ, ಹೊನ್ನಾಳಿ ಮತ್ತು ಚನ್ನಗಿರಿಯ ಶಾಸನಗಳನ್ನು 1902ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಏಳನೆಯ ಸಂಪುಟದಲ್ಲಿಯೂ ಜಗಳೂರಿನವನ್ನು 1903ರಲ್ಲಿ ಹನ್ನೊಂದನೆಯ ಸಂಪುಟದಲ್ಲಿಯೂ ಅಚ್ಚು ಹಾಕಿಸಿದ್ದರು. ಅಂದು ಮೊದಲೆರಡು ಶಿವಮೊಗ್ಗ ಜಿಲ್ಲೆಯಲ್ಲಿದ್ದುದರಿಂದ, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿದ್ದುದರಿಂದ ಒಂದೇ ಸೀಮೆಯ ವೀರರು ಎರಡು ಸಂಪುಟಗಳಲ್ಲಿ ಹಂಚಿಹೋದರು.

ಕಲ್ಲು ನಿಲ್ಲಿಸಿದೊಡನೆ ಊರಿನ ಹೊಣೆ ಮುಗಿಯುತ್ತಿರಲಿಲ್ಲ. ಮಡಿದವನ ಮನೆಗೆ ನೆಲ ಕೊಡುವುದು ಈ ಪದ್ಧತಿಯ ಎರಡನೆಯ ಅಂಗ. ವೀರನ ಹೆಸರಿನಲ್ಲಿ ಬಿಟ್ಟ ನೆಲಕ್ಕೆ ಕಲ್ನಾಡು ಎಂದೂ, ಕತ್ತಿ ಹಿರಿದು ಮಾಡಿದ ಸೇವೆಗಾಗಿ ಕೊಟ್ಟ ದತ್ತಿಗೆ ಬಾಳ್ಗಚ್ಚು ಎಂದೂ, ಕಾಳಗದಲ್ಲಿ ಸುರಿದ ರಕ್ತಕ್ಕೆ ಪ್ರತಿಯಾಗಿ ವಾರಸುದಾರರಿಗೆ ತೆರಿಗೆಯಿಲ್ಲದೆ ಬಿಟ್ಟ ಹೊಲಗದ್ದೆಗೆ ನೆತ್ತರುಗೊಡಗೆ ಎಂದೂ ಹೆಸರುಗಳಿದ್ದವು. ಕನ್ನಡದ ಅತಿ ಪ್ರಾಚೀನ ಶಾಸನಗಳ ಮೊದಲ ಸಾಲಿನಲ್ಲಿ ನಿಲ್ಲುವ, ಸುಮಾರು 450ರದೆಂದು ಹೇಳಲಾಗುವ ಹಲ್ಮಿಡಿ ಶಾಸನದ ವಿಷಯವೇ ಬಾಳ್ಗಚ್ಚು: ಕಾಳಗದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಹಲ್ಮಿಡಿ ಮತ್ತು ಮೂಳಿವಳ್ಳಿ ಎಂಬ ಎರಡು ಊರುಗಳನ್ನು ಬಿಟ್ಟುಕೊಟ್ಟ ಸಂಗತಿಯನ್ನು ಅದು ದಾಖಲಿಸುತ್ತದೆ. ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ ಈ ಶಾಸನವನ್ನು ಭಾಷೆಯ ಹುಟ್ಟಿನ ಗುರುತೆಂದು ಎಲ್ಲರೂ ಹೆಮ್ಮೆಯಿಂದ ನೆನೆಯುತ್ತಾರೆ. ಅದು ಒಬ್ಬ ಯೋಧನಿಗೆ ಸಂದ ಗೌರವದ ಅಧಿಕೃತ ಪತ್ರವೂ ಹೌದೆಂಬುದನ್ನು ಅಷ್ಟೇ ಹೆಮ್ಮೆಯಿಂದ ನೆನೆಯಬೇಕಾಗಿದೆ. ಕನ್ನಡವು ಕಲ್ಲಿನ ಮೇಲೆ ಆಡಳಿತದ ಭಾಷೆಯಾಗಿ ಕಾಣಿಸಿಕೊಂಡ ಆ ಹೊತ್ತಿನಲ್ಲೇ ಯೋಧನ ಹಕ್ಕನ್ನು ಬರೆದಿಡುವ ಕೆಲಸಕ್ಕೆ ಒದಗಿತ್ತು.

ಈ ಏರ್ಪಾಡಿನ ಬಲ ಇದ್ದದ್ದು ಅದರ ಸಾಕ್ಷಿಯ ಕ್ರಮದಲ್ಲಿ. ಕಾಳಗ ನಡೆದದ್ದು ಊರ ಗಡಿಯಲ್ಲಿ, ಕಂಡವರು ಊರವರೇ. ಗೌಡರು, ಮಹಾಜನರು, ನಾಡಿನ ಪ್ರಭುಗಳು ಕೂಡಿ ಇಂಥವನು ಇಂಥ ದಿನ ಇಂಥ ಕಾರಣಕ್ಕೆ ಬಿದ್ದನೆಂದು ಒಪ್ಪಿದ ಮೇಲೆಯೇ ಕಲ್ಲು ಏಳುತ್ತಿತ್ತು, ನೆಲದ ಎಲ್ಲೆ ಗೊತ್ತಾಗುತ್ತಿತ್ತು. ಬಿಟ್ಟ ನೆಲವನ್ನು ಅಪಹರಿಸಿದವನಿಗೆ ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟುವುದೆಂಬ ಶಾಪಾಶಯವನ್ನು ಕೊನೆಯಲ್ಲಿ ಸೇರಿಸಿದರೆ ದಾಖಲೆಯೂ ಅದರ ಕಾವಲೂ ಒಂದೇ ಕಲ್ಲಿನಲ್ಲಿ ಇದ್ದಂತಾಗುತ್ತಿತ್ತು. ವಾರಸುದಾರ ಯಾವ ಕಚೇರಿಗೂ ಅಲೆಯಬೇಕಾಗಿರಲಿಲ್ಲ, ಏಕೆಂದರೆ ಊರಿನ ಮಾತೇ ದಾಖಲೆ ಆಗಿತ್ತು, ಬರಹ ಆ ಮಾತಿನ ಹಿಂದೆ ಬರುತ್ತಿತ್ತು. ಎಲ್ಲ ನೆತ್ತರುಗೊಡಗೆಗಳೂ ಸಮನಾಗಿದ್ದವೆಂದು ತಿಳಿಯಬೇಕಾಗಿಲ್ಲ. ಸೂಳೆಕೆರೆಯ ಕೆಳಗಿನ ಒಂದು ಖಂಡುಗ ಬಿತ್ತನೆಯ ಗದ್ದೆಗೂ ಜಗಳೂರಿನ ಕಡೆಯ ಅಷ್ಟೇ ಅಳತೆಯ ಬೆದ್ದಲಿಗೂ ಬಹಳ ಅಂತರ. ನೀರಿರುವ ಕಡೆ ಅದು ಮೂರು ತಲೆಮಾರನ್ನು ಸಾಕಿದರೆ, ಬೆದ್ದಲಿನಲ್ಲಿ ಮಳೆ ಕೈಕೊಟ್ಟ ವರ್ಷ ಅದು ಹೆಸರಿಗಷ್ಟೇ ಉಳಿಯುತ್ತಿತ್ತು.

ಸೋತವರ ಪಕ್ಷಕ್ಕೂ ಈ ಗೌರವ ಸಲ್ಲುತ್ತಿತ್ತೆಂಬುದಕ್ಕೆ ಹತ್ತಿರದ ನಿದರ್ಶನ ದಾವಣಗೆರೆ ತಾಲ್ಲೂಕಿನ ಅಣಜಿಯ ಪ್ರಾಚೀನ ಸಂಸ್ಕೃತ ಶಾಸನ. ನಣಕ್ಕಾಸ ಎಂಬ ಪಲ್ಲವನೊಡನೆ ನಡೆದ ಕದನದಲ್ಲಿ ಕದಂಬ ಕೃಷ್ಣವರ್ಮನ ಸೈನ್ಯ ಮುರಿದಾಗ, ಅವನ ಪಕ್ಷದ ಶಿವನಂದವರ್ಮನು ದರ್ಭೆಯ ಹಾಸಿಗೆಯ ಮೇಲೆ ಮಲಗಿ ಪ್ರಾಣ ಬಿಡಲು ನಿಶ್ಚಯಿಸಿದ್ದನ್ನು ಅದು ತಿಳಿಸುತ್ತದೆ. ಗೆದ್ದವರು ಬರೆಸುವ ಪ್ರಶಸ್ತಿಗಳ ನಡುವೆ ಸೋಲಿನ ದಿನವನ್ನು ಮುಚ್ಚಿಡದೆ ಹೇಳುವ ಈ ಬರಹಕ್ಕೆ ವಿಶೇಷ ಬೆಲೆಯಿದೆ.

ಆದರೆ ಇಷ್ಟೆಲ್ಲ ಮೆಚ್ಚುಗೆಯ ನಡುವೆ ಒಂದು ಕೊರತೆಯನ್ನು ಹೇಳದೆ ಬಿಡುವಂತಿಲ್ಲ, ಮತ್ತು ಈ ವಿಷಯದ ತಿರುಳೂ ಅದೇ. ವೀರಗಲ್ಲು ಸತ್ತವನಿಗೆ ಮೀಸಲು. ಅದೇ ತುರುಗೊಳ್‌ನಲ್ಲಿ ತೋಳು ಕಳೆದುಕೊಂಡವನು, ಕಣ್ಣಿಗೆ ಬಾಣ ನಾಟಿ ಕುರುಡಾದವನು, ಕಾಲು ಊನವಾಗಿ ಮತ್ತೆ ಇಪ್ಪತ್ತು ಮೂವತ್ತು ವರ್ಷ ಬದುಕಿದವನು ಕಲ್ಲಿನ ಮೇಲೆ ಕಾಣಿಸಿಕೊಳ್ಳುವುದು ತೀರ ವಿರಳ. ಮಡಿದರೆ ಸ್ವರ್ಗ, ಗೆದ್ದರೆ ಸಿರಿ ಎಂಬ ಎರಡೇ ದಾರಿಗಳನ್ನು ಕಂಡ ವೀರಧರ್ಮದಲ್ಲಿ ಸಾಯದೆ ಗೆಲ್ಲದೆ ಗಾಯಗೊಂಡು ಮನೆಗೆ ಬಂದವನಿಗೆ ಹೆಸರಿಟ್ಟ ಜಾಗವಿರಲಿಲ್ಲ. ಬದುಕಿದ ವೀರರಿಗೆ ಗೌರವವೇ ಇರಲಿಲ್ಲವೆಂದಲ್ಲ. ಪರಾಕ್ರಮಿಯ ಕಾಲಿಗೆ ತೊಡಿಸುವ ಗಂಡಪೆಂಡೇರ, ಹಣೆಗೆ ಕಟ್ಟುವ ವೀರಪಟ್ಟ ಇದ್ದವು. 949ರ ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದಾಗ, ಅವನ ಜೊತೆ ಹೋರಾಡಿದ ಮಣಲೇರನು ಬದುಕಿದ್ದು ಬಾಳ್ಗಚ್ಚು ಪಡೆದದ್ದನ್ನೂ, ಮೆಚ್ಚಿದ ಒಡೆಯನಿಂದ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ತಂದದ್ದನ್ನೂ ಮಂಡ್ಯ ಸೀಮೆಯ ಆತಕೂರಿನ ಕಲ್ಲು ಹೇಳುತ್ತದೆ. ಹಂದಿಯೊಡನೆ ಕಾದಾಡಿ ಸತ್ತ ಆ ನಾಯಿಗೂ ಅಲ್ಲಿ ಸ್ಮಾರಕ ದೊರೆಯಿತು. ಆದರೆ ಈ ಮನ್ನಣೆಗಳು ಸಂದದ್ದು ಗೆಲುವಿಗೆ, ಒಡೆಯನ ಕಣ್ಣಿಗೆ ಬಿದ್ದ ಸಾಹಸಕ್ಕೆ. ಗಾಯವೊಂದನ್ನೇ ಆಧಾರವಾಗಿಟ್ಟುಕೊಂಡ ಮನ್ನಣೆ ಹಳೆಯ ಪದ್ಧತಿಯಲ್ಲಿ ಬೇರೂರಲಿಲ್ಲ.

ಕಲ್ಲುಗಳೂ ಕಾಲಕ್ರಮದಲ್ಲಿ ಕಳೆದುಹೋಗುವ ದಾಖಲೆಗಳೇ ಆದವು. ಊರು ಎಡೆ ಬದಲಿಸಿದಾಗ, ಕೋಟೆಯ ಗೋಡೆಗೆ ಚಪ್ಪಡಿ ಬೇಕಾದಾಗ, ಕೆರೆಯ ತೂಬು ಕಟ್ಟುವಾಗ ವೀರಗಲ್ಲುಗಳು ಕಿತ್ತು ಬಂದವು; ಬಟ್ಟೆ ಒಗೆಯುವ ಬಂಡೆಗಳಾದವೂ ಇವೆ, ಯಾರೆಂದು ತಿಳಿಯದೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು ದೇವರಾದವೂ ಇವೆ. ಅಕ್ಷರವಿರುವ ಕಲ್ಲನ್ನು ಶಾಸನ ಸಂಪುಟ ಹಿಡಿದಿಟ್ಟಿತು, ಅಕ್ಷರವಿಲ್ಲದ ಕಲ್ಲನ್ನು ಎಣಿಕೆಗೇ ತೆಗೆದುಕೊಳ್ಳಲಿಲ್ಲ. ಶಿಲ್ಪಿಗೆ ಹಣ ಕೊಟ್ಟು ಚಿತ್ರ ಕೆತ್ತಿಸಲು ಮಾತ್ರ ಶಕ್ತಿಯಿದ್ದ, ಬರೆಸಲು ಲಿಪಿಕಾರನನ್ನು ಕರೆಸಲಾಗದ ಬಡ ಮನೆತನದ ವೀರ ಹೀಗೆ ಎರಡನೆಯ ಸಲ ಅಳಿದುಹೋದನು.

ಪಾಳೆಯಗಾರರ ಕಾಲಕ್ಕೆ ದಾಖಲೆ ಕಲ್ಲಿನಿಂದ ಕಾಗದಕ್ಕೆ, ಕಡತಕ್ಕೆ ಇಳಿಯಿತು. ಚಿತ್ರದುರ್ಗ, ಹರಪನಹಳ್ಳಿ, ತರೀಕೆರೆ, ಕೆಳದಿ ಮನೆತನಗಳ ನಡುವೆ ಈ ಸೀಮೆ ಕೈಯಿಂದ ಕೈಗೆ ಹೋಯಿತು. ಚನ್ನಗಿರಿಯ ಹೆಸರು ಕೆಳದಿಯ ಚೆನ್ನಮ್ಮಾಜಿಯದೆಂದು ಹೇಳುತ್ತಾರೆ. 1748ರಲ್ಲಿ ಚನ್ನಗಿರಿಗೆ ಸಮೀಪದ ಮಾಯಕೊಂಡದಲ್ಲಿ ನಡೆದ ಕಾಳಗದಲ್ಲಿ ಚಿತ್ರದುರ್ಗದ ಮದಕರಿನಾಯಕನೇ ಮಡಿದನು. ಇಂಥ ಕಾಳಗಗಳಲ್ಲಿ ದೊರೆಯ ಸಾವು ಬಖೈರುಗಳಿಗೆ, ಅಂದರೆ ಮನೆತನದ ಕಥನಗಳಿಗೆ ಸೇರಿತು. ಕಾಲಾಳುಗಳಿಗೆ ಸಂದದ್ದು ಉಂಬಳಿ, ಅಂದರೆ ಸೇವೆಗಾಗಿ ಅನುಭವಿಸಲು ಬಿಟ್ಟ ಭೂಮಿ, ಮತ್ತು ಅದರ ಸನ್ನದು, ಅಂದರೆ ಅರಸನ ಮೊಹರಿದ್ದ ಪತ್ರ. ಒಡೆಯ ಬದಲಾದಾಗ ಆ ಪತ್ರದ ಬೆಲೆಯೂ ಬದಲಾಗುತ್ತಿತ್ತು. ಚನ್ನಗಿರಿಯಲ್ಲಿ ಹುಟ್ಟಿ ಹೈದರನ ಕುದುರೆ ದಳದಲ್ಲಿ ಸೇವೆಗೆ ಸೇರಿದ ಧೋಂಡಿಯ ವಾಘನ ಕಥೆ ಈ ಮಾತಿಗೆ ಒಳ್ಳೆಯ ಸಾಕ್ಷಿ. ಟಿಪ್ಪುವಿನ ಸೆರೆಯಲ್ಲಿದ್ದ ಅವನು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊರಬಂದು ದಂಡು ಕಟ್ಟಿ, ಉಭಯ ಲೋಕಗಳ ಒಡೆಯನೆಂದು ಬಿರುದು ಹಾಕಿಕೊಂಡು ಕಂಪನಿಯ ಪಡೆಗಳನ್ನು ಅಲೆದಾಡಿಸಿದನು. 1800ರ ಸೆಪ್ಟೆಂಬರ್ 10ರಂದು ಕೋನಗಲ್ಲಿನ ಬಳಿ ಆರ್ಥರ್ ವೆಲ್ಲೆಸ್ಲಿಯ ಪಡೆ ಅವನನ್ನು ಕೊಂದಿತು. ವೆಲ್ಲೆಸ್ಲಿಯ ಪತ್ರಗಳು ಅಚ್ಚಾಗಿ ಉಳಿದವು, ಧೋಂಡಿಯನ ಎಳೆಯ ಮಗ ಸಲಾಬತ್ ಖಾನನ ಪೋಷಣೆಗೆ ಏರ್ಪಾಡಾದದ್ದು ಕೂಡ ತಿಳಿದಿದೆ. ಧೋಂಡಿಯನ ಜೊತೆ ನಿಂತು ಗಾಯಗೊಂಡು ಊರಿಗೆ ಮರಳಿದ ಸವಾರರ ಹೆಸರನ್ನು ಯಾವ ಸರ್ಕಾರ ಬರೆದಿಟ್ಟೀತು? ಅವರ ಪಾಲಿಗೆ ಗಾಯವೆಂಬುದು ತೋರಿಸಬೇಕಾದ ಗುರುತಲ್ಲ, ಬಚ್ಚಿಡಬೇಕಾದ ಗುರುತಾಗಿತ್ತು.

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ನೆಲದ ಹಕ್ಕುಗಳನ್ನೆಲ್ಲ ಹೊಸದಾಗಿ ಪರಿಶೀಲಿಸಲು ಸರ್ಕಾರಗಳು ಇನಾಂ ಕಮಿಷನ್ನುಗಳನ್ನು ನೇಮಿಸಿದವು. ಇನಾಂ ಎಂದರೆ ಕಂದಾಯವಿಲ್ಲದೆ ಅಥವಾ ಅಲ್ಪ ಕಂದಾಯಕ್ಕೆ ಅನುಭವಿಸುವ ಭೂಮಿ. ದಾಖಲೆ ತೋರಿಸು ಎಂಬ ಮಾತು ಈ ಸೀಮೆಯ ನೆತ್ತರುಗೊಡಗೆಯ ಒಕ್ಕಲಿನ ಬಾಗಿಲಿಗೆ ದೊಡ್ಡದಾಗಿ ಬಂದದ್ದು ಆಗಲೇ. ತಾತ ಮುತ್ತಾತನ ಹೆಸರಿನ ಸನ್ನದು ಗೆದ್ದಲಿಗೆ ಆಹುತಿಯಾಗಿದ್ದರೆ, ಬೆಂಕಿಗೆ ಬಿದ್ದಿದ್ದರೆ, ದಂಡು ಬಂದಾಗ ಕಳೆದಿದ್ದರೆ ಏನು ಗತಿ? ಜಗಳೂರಿನ ಉತ್ತರಕ್ಕೆ ಅಂಟಿಕೊಂಡ ಹರಪನಹಳ್ಳಿ ಆಗ ಮದ್ರಾಸ್ ಪ್ರಾಂತದಲ್ಲಿತ್ತು, ಅಲ್ಲಿ 1858ರಲ್ಲಿ ನೇಮಕಗೊಂಡ ಕಮಿಷನ್ 50 ವರ್ಷಗಳ ನಿರಂತರ ಅನುಭವವನ್ನೇ ಹಕ್ಕಿನ ಆಧಾರವಾಗಿ ಒಪ್ಪಿತು. ಪತ್ರವಿಲ್ಲದ ಕಡೆ ಅನುಭವ ಮತ್ತು ನೆರೆಹೊರೆಯವರ ಹೇಳಿಕೆಯನ್ನು ನಂಬಬಹುದೆಂಬ ಈ ತತ್ತ್ವ ಹೊಸದಲ್ಲ, ಊರಿನ ಮಾತೇ ದಾಖಲೆಯಾಗಿದ್ದ ಹಳೆಯ ಕ್ರಮದ ಮುಂದುವರಿಕೆಯೇ ಸರಿ. ಲೆಕ್ಕಾಚಾರದ ಆಡಳಿತವೂ ಕೊನೆಗೆ ಅದಕ್ಕೆ ತಲೆಬಾಗಬೇಕಾಯಿತು. ಸ್ವಾತಂತ್ರ್ಯಾನಂತರ 1954ರ ಮೈಸೂರು ವೈಯಕ್ತಿಕ ಮತ್ತು ಇತರ ಇನಾಮುಗಳ ರದ್ದಿಯಾತಿ ಕಾಯಿದೆಯೊಡನೆ ಇಂಥ ಹಿಡುವಳಿಗಳ ವಿಶೇಷ ಸ್ವರೂಪ ಹೋಯಿತು. ಉಳುವವನಿಗೆ ಹಕ್ಕು ಸಿಕ್ಕಿದ್ದು ನ್ಯಾಯವೇ. ಜೊತೆಗೆ ಯಾವ ರಕ್ತಕ್ಕೆ ಆ ಹೊಲ ಸಂದಿತ್ತೆಂಬ ನೆನಪು ಪಹಣಿಯಿಂದ ಅಳಿಸಿತು.

ಈ ನಡುವೆ ಸೈನಿಕನ ಕಾಳಗ ಊರ ಗಡಿಯನ್ನು ಬಿಟ್ಟು ಕಡಲಾಚೆಗೆ ಹೋಗಿತ್ತು, ಅದರೊಂದಿಗೆ ಸಾಕ್ಷಿಯೂ ಊರಿನ ಕೈತಪ್ಪಿತ್ತು. ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್, ಅಂದರೆ ಭರ್ಜಿ ಹಿಡಿದ ಕುದುರೆ ಪಡೆ, ಮೊದಲನೆಯ ಮಹಾಯುದ್ಧದಲ್ಲಿ 1918ರ ಸೆಪ್ಟೆಂಬರ್ 23ರಂದು ಜೋಧಪುರದ ಪಡೆಯ ಜೊತೆಗೂಡಿ ಹೈಫಾ ಪಟ್ಟಣವನ್ನು ತುರ್ಕಿಯವರಿಂದ ಗೆದ್ದುಕೊಂಡಿತು. ಆ ದಿನದ ಲೆಕ್ಕವನ್ನು ಸಾಮಾನ್ಯವಾಗಿ ಹೀಗೆ ಕೊಡುತ್ತಾರೆ: 8 ಮಂದಿ ಸತ್ತರು, 34 ಮಂದಿ ಗಾಯಗೊಂಡರು, 60 ಕುದುರೆಗಳು ಸತ್ತವು, 83 ಕುದುರೆಗಳು ಗಾಯಗೊಂಡವು. ಯುದ್ಧದಲ್ಲಿ ಮಡಿದ ಮೈಸೂರು ಲ್ಯಾನ್ಸರ್ಸ್ ಯೋಧರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಪಡೆಯ ಪ್ರತೀಕ. ಗಾಯಗೊಂಡ 34 ಮಂದಿ ಮಾತ್ರ ಪುಸ್ತಕಗಳಲ್ಲಿ 34 ಎಂಬ ಅಂಕೆಯಾಗಿಯೇ ಉಳಿದರು, ಕುದುರೆಗಳ ಅಂಕೆಯ ಪಕ್ಕದಲ್ಲಿ. ಬ್ರಿಟಿಷ್ ಇಂಡಿಯಾದ ಅನೇಕ ಹಳ್ಳಿಗಳಲ್ಲಿ ಮಹಾಯುದ್ಧದ ಅನಂತರ ನೆಟ್ಟ ಸ್ಮಾರಕ ಫಲಕಗಳೂ ಈ ಊರಿನಿಂದ ಇಷ್ಟು ಮಂದಿ ಹೋದರು, ಇಷ್ಟು ಮಂದಿ ಪ್ರಾಣ ಕೊಟ್ಟರು ಎಂದು ಎರಡೇ ಸಂಖ್ಯೆಗಳನ್ನು ಹೇಳುತ್ತವೆ. ಬೆಳಗುತ್ತಿಯ ಸಿಂದರ ಕಾಲದಿಂದ ಏಳೆಂಟು ನೂರು ವರ್ಷ ಕಳೆದರೂ ಗಾಯಾಳುವಿನ ವಿಷಯದಲ್ಲಿ ಕಲ್ಲಿನ ಮೌನ ಮುರಿದಿರಲಿಲ್ಲ.

ಸ್ವತಂತ್ರ ಭಾರತ ಈ ಕೊರತೆಯನ್ನು ತುಂಬಲು ಗಾಯಕ್ಕಾಗಿಯೇ ಒಂದು ಪದಕವನ್ನು ಸ್ಥಾಪಿಸಿತು. ಮೊದಲು ವೂಂಡ್ ಮೆಡಲ್ ಎಂದಿದ್ದು ಈಗ ಪರಾಕ್ರಮ ಪದಕವೆಂದು ಕರೆಸಿಕೊಳ್ಳುವ ಅದು, ಯಾವುದೇ ಕಾರ್ಯಾಚರಣೆಯಲ್ಲಿ ಶತ್ರುವಿನ ನೇರ ಕ್ರಿಯೆಯಿಂದ ಗಾಯಗೊಂಡ ಯೋಧನಿಗೆ ಸಲ್ಲುತ್ತದೆ. ಸತ್ತವನಲ್ಲದ, ಗೆಲುವಿನ ಸಾಹಸಕ್ಕಾಗಿ ಬಿರುದು ಪಡೆದವನೂ ಅಲ್ಲದ ಸಾಮಾನ್ಯ ಗಾಯಾಳುವನ್ನು ರಾಷ್ಟ್ರ ಗುರುತಿಸಿದ್ದು ನಿಜಕ್ಕೂ ದೊಡ್ಡ ಹೆಜ್ಜೆ. ಆದರೆ ಈ ಪದಕದ ಬೇರು ಪೂರ್ತಿಯಾಗಿ ಕಾಗದದಲ್ಲಿದೆ. ಗಾಯವಾದ ಕೂಡಲೇ ದಳದಿಂದ ಕ್ಯಾಶುಯಲ್ಟಿ ವರದಿ, ಅಂದರೆ ಸಾವುನೋವಿನ ಸಂದೇಶ ಹೋಗಬೇಕು. ಆ ಸಂಗತಿ ಪಾರ್ಟ್-2 ಆರ್ಡರ್, ಅಂದರೆ ಸೈನಿಕನ ಸೇವಾಸಂಗತಿಗಳನ್ನು ಪ್ರಕಟಿಸುವ ಆದೇಶದಲ್ಲಿ ಸೇರಬೇಕು. ಅಲ್ಲಿಂದ ರೆಜಿಮೆಂಟಿನ ರೆಕಾರ್ಡ್ ಆಫೀಸಿನ ಕಡತಕ್ಕೂ ಯೋಧನ ಡಿಸ್ಚಾರ್ಜ್ ಬುಕ್ಕಿಗೂ ಇಳಿಯಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಗಾಯ ಕಾಗದದ ಮೇಲೆ ಇಲ್ಲವಾಗುತ್ತದೆ. ಗುಂಡಿನ ಮಳೆಯಲ್ಲಿ ಪಟ್ಟಿ ಕಟ್ಟಿಸಿಕೊಂಡು ಮತ್ತೆ ಕಂದಕಕ್ಕೆ ಹೋದವನ ಹೆಸರನ್ನು ಯಾರೂ ಬರೆದುಕೊಳ್ಳದಿರಬಹುದು; ಬರೆದುಕೊಂಡ ಕಂಪನಿಯ ಗುಮಾಸ್ತನೇ ಮರುದಿನ ಬಿದ್ದಿರಬಹುದು. ಇದರ ಜೊತೆಗೆ ಸೇನೆಯ ನಿಯಮಾವಳಿಯಂತೆ ಪಿಂಚಣಿ ಇಲ್ಲದೆ ಹೊರಬಂದವರ ಕಡತಗಳನ್ನು 25 ವರ್ಷಗಳ ಅನಂತರ ನಾಶ ಮಾಡಲಾಗುತ್ತದೆ. ಲಡಾಯಿ ಮುಗಿಸಿ ಬಂದು ಹೊಲ, ಮಕ್ಕಳ ಮದುವೆ ಎಂದು ಮುಳುಗಿದ ಯೋಧ ತನಗೆ ಪದಕವೊಂದು ಸಲ್ಲಬೇಕಿತ್ತೆಂದು ತಿಳಿದು ಅರ್ಜಿ ಹಾಕುವ ಹೊತ್ತಿಗೆ ಅವನ ಕಡತವೇ ಇಲ್ಲದಿರಬಹುದು.

ಈ ನಾಲ್ಕು ತಾಲ್ಲೂಕುಗಳ ಯೋಧನಿಗೆ ಇನ್ನೊಂದು ತೊಡಕೂ ಇದೆ. ನ್ಯಾಮತಿಯ ಪಕ್ಕದ ಹಳ್ಳಿಯವನೊಬ್ಬ 1965ರ ಸುಮಾರಿಗೆ ಸೇನೆಗೆ ಸೇರಿದ್ದರೆ ಅವನ ಕಡತದಲ್ಲಿ ವಿಳಾಸ ಹೊನ್ನಾಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ, ಮೈಸೂರು ರಾಜ್ಯ ಎಂದಿರುತ್ತದೆ. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕವಾಯಿತು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಗಿ ಹೊನ್ನಾಳಿ, ಚನ್ನಗಿರಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಅದಕ್ಕೆ ಬಂದವು. 2017ರ ಬಜೆಟ್ಟಿನ ಘೋಷಣೆಯ ಫಲವಾಗಿ ನ್ಯಾಮತಿಯೇ ತಾಲ್ಲೂಕಾಯಿತು. ಮನೆಯ ಹೊಸ್ತಿಲನ್ನು ಕದಲಿಸದೆಯೇ ಅವನ ರಾಜ್ಯ, ಜಿಲ್ಲೆ, ತಾಲ್ಲೂಕು ಮೂರೂ ಬದಲಾದವು. ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಅಂದು ಬರೆದ ಕಾಗುಣಿತ ಒಂದು, ಇಂದಿನ ಆಧಾರ್ ಕಾರ್ಡಿನದು ಇನ್ನೊಂದು; ತಂದೆಯ ಹೆಸರಿನ ಮೊದಲಕ್ಷರ ಅಂದು ಮುಂದೆ, ಇಂದು ಹಿಂದೆ. ರೆಕಾರ್ಡ್ ಆಫೀಸಿನ ಮೇಜಿನ ಮೇಲೆ ಈ ಇಬ್ಬರೂ ಒಬ್ಬನೇ ಎಂದು ನಂಬಿಸುವ ಹೊಣೆ ಎಂಬತ್ತರ ಹತ್ತಿರದ ಮುದುಕನ ಮೇಲೆ ಬೀಳುತ್ತದೆ.

ಕಾಗದ ಕಳೆದುಹೋದ ಗಾಯಾಳುವನ್ನು ಹೇಗೆ ನಂಬಬೇಕೆಂಬ ಪ್ರಶ್ನೆಗೆ ನಮ್ಮ ಆಡಳಿತ ಇನ್ನೊಂದು ಕಡೆ ಉತ್ತರ ಕೊಟ್ಟಾಗಿದೆ. 1972ರಲ್ಲಿ ಆರಂಭವಾಗಿ 1980ರಲ್ಲಿ ವಿಸ್ತಾರಗೊಂಡ ಕೇಂದ್ರದ ಸ್ವಾತಂತ್ರ್ಯ ಯೋಧರ ಪಿಂಚಣಿ ಯೋಜನೆಯಲ್ಲಿ ಸೆರೆವಾಸ, ಭೂಗತ ಜೀವನಗಳ ಜೊತೆಗೆ ಗುಂಡೇಟು ಅಥವಾ ಲಾಠಿ ಏಟಿನಿಂದ ಶಾಶ್ವತವಾಗಿ ಊನಗೊಂಡದ್ದೂ ಅರ್ಹತೆಯಾಗಿತ್ತು. ಹೊನ್ನಾಳಿಗೆ ನೆರೆಯ ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ 1942ರ ಸೆಪ್ಟೆಂಬರಿನಲ್ಲಿ ಜನ ಎದ್ದು ನಿಂತದ್ದು, 1943ರ ಮಾರ್ಚ್‌ನಲ್ಲಿ ಐವರು ನೇಣಿಗೇರಿದ್ದು ನಾಡಿಗೆಲ್ಲ ಗೊತ್ತು. ಅಂಥ ಊರುಗಳಲ್ಲಿ ಪೊಲೀಸರ ಏಟು ತಿಂದವರ ಗಾಯಕ್ಕೆ ಪ್ರಮಾಣಪತ್ರವನ್ನು ಹೊಡೆದವರಿಂದಲೇ ತರುವುದು ಸಾಧ್ಯವೆ? ಜೈಲಿನ ದಾಖಲೆಗಳು ಇಲ್ಲವಾದ ಕಡೆ, ದಾಖಲೆ ಲಭ್ಯವಿಲ್ಲವೆಂಬ ಅಧಿಕೃತ ಪತ್ರದೊಡನೆ ಜೊತೆಯಲ್ಲಿ ಸೆರೆಯಲ್ಲಿದ್ದವರ ಹೇಳಿಕೆಯನ್ನು ಪುರಾವೆಯಾಗಿ ಒಪ್ಪುವ ಕ್ರಮ ಅಲ್ಲಿ ಬೆಳೆಯಿತು. ಸುಪ್ರೀಂ ಕೋರ್ಟ್ 1993ರ ಮುಕುಂದಲಾಲ್ ಭಂಡಾರಿ ಪ್ರಕರಣದಲ್ಲಿ ಅರ್ಜಿ ತಡವಾಯಿತೆಂಬ ಕಾರಣಕ್ಕೆ ಅದನ್ನು ತಳ್ಳಿಹಾಕಬಾರದೆಂದಿತು. 2001ರ ಗುರುದಿಯಾಲ್ ಸಿಂಗ್ ಪ್ರಕರಣದಲ್ಲಿ, ಕ್ರಿಮಿನಲ್ ಮೊಕದ್ದಮೆಯಂತೆ ಸಂಶಯಾತೀತ ರುಜುವಾತನ್ನು ಕೇಳದೆ, ಹೇಳಿದ್ದು ನಿಜವಾಗಿರುವ ಸಂಭವ ಹೆಚ್ಚೇ ಎಂಬ ಅಳತೆಯಲ್ಲಿ ತೂಗಬೇಕೆಂದಿತು. ಇದು ಕರುಣೆಯ ತೀರ್ಪಲ್ಲ, ವಿವೇಕದ ತೀರ್ಪು. ದಾಖಲೆಯನ್ನು ಕಾಪಾಡುವ ಹೊಣೆ ಯಾರದೋ ಅದು ಕಳೆದುಹೋದ ನಷ್ಟವನ್ನು ಹೊರಬೇಕಾದವರೂ ಅವರೇ ಎಂಬ ಸರಳ ನ್ಯಾಯ ಅದರೊಳಗಿದೆ.

ಹೊರದೇಶಗಳಲ್ಲೂ ಈ ನ್ಯಾಯಕ್ಕೆ ದಾರಿ ತೆರೆದದ್ದು ದುರಂತಗಳೇ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 1973ರ ಜುಲೈ 12ರಂದು ಸೈನಿಕ ದಾಖಲೆಗಳ ಕೇಂದ್ರಕ್ಕೆ ಬೆಂಕಿ ಬಿದ್ದು 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷದಷ್ಟು ಕಡತಗಳು ಸುಟ್ಟುಹೋದವು. 1912ರಿಂದ 1960ರವರೆಗೆ ಭೂಸೇನೆಯಿಂದ ಬಿಡುಗಡೆಯಾದವರ ಕಡತಗಳಲ್ಲಿ ನೂರಕ್ಕೆ 80 ಪಾಲು ನಾಶವಾದವು. ಗಾಯಾಳುಗಳಿಗೆ ಸಲ್ಲುವ ಅಲ್ಲಿನ ಪರ್ಪಲ್ ಹಾರ್ಟ್ ಪದಕವನ್ನು ಆಮೇಲೆ ಕೇಳಿದವರಿಗೆ ದಳಗಳ ದಿನವರದಿಗಳು, ಆಸ್ಪತ್ರೆಯ ದಾಖಲಾತಿಗಳು, ಜೊತೆಗಾರ ಸೈನಿಕರ ಲಿಖಿತ ಹೇಳಿಕೆಗಳು ಆಧಾರವಾದವು. ನಮ್ಮಲ್ಲಿಯೂ ಹುಡುಕಬಹುದಾದ ಪರ್ಯಾಯ ಆಕರಗಳಿಲ್ಲದೆ ಇಲ್ಲ: ದಳದ ಯುದ್ಧ ದಿನಚರಿ, ಸೇನಾ ಆಸ್ಪತ್ರೆಯ ಒಳರೋಗಿಗಳ ಪಟ್ಟಿ, ಬಿಡುಗಡೆಯ ಹೊತ್ತಿನ ಮೆಡಿಕಲ್ ಬೋರ್ಡಿನ ಟಿಪ್ಪಣಿ, ಆಸ್ಪತ್ರೆಯಿಂದ ಮನೆಗೆ ಬಂದ ಮಿಲಿಟರಿ ಅಂಚೆಯ ಕಾಗದ. ದಾವಣಗೆರೆಯ ಯಾವುದೇ ಆಸ್ಪತ್ರೆಯಲ್ಲಿ ತೆಗೆದ ಎಕ್ಸ್-ರೇ ತೊಡೆಯಲ್ಲಿ ಉಳಿದ ಲೋಹದ ಚೂರನ್ನು ತೋರಿಸಬಲ್ಲದು, ಆದರೆ ಅದು ಯಾವ ದಿನ ಯಾವ ಠಾಣ್ಯದಲ್ಲಿ ಹೊಕ್ಕಿತೆಂದು ಹೇಳಲಾರದು. ಹೇಳಬಲ್ಲವನು ಅಂದು ಪಕ್ಕದಲ್ಲಿದ್ದ ಸೈನಿಕ. 1965ರ ಇಲ್ಲವೆ 1971ರ ಯುದ್ಧದ ಹೊತ್ತಿಗೆ ಇಪ್ಪತ್ತರ ಹರೆಯದಲ್ಲಿದ್ದ ಆ ಸಾಕ್ಷಿಗಳಿಗೆ ಈಗ ಎಪ್ಪತ್ತು ದಾಟಿದೆ, ಎಂಬತ್ತೂ ದಾಟಿದೆ. ಮಹಾಜನರ ಮುಂದೆ ಕಲ್ಲು ನೆಟ್ಟ ಊರುಗಳಲ್ಲೇ ಅವರ ಹೇಳಿಕೆಗಳನ್ನು ತಹಶೀಲ್ದಾರರ ಮುಂದೆ ಬರೆಯಿಸಿ, ಅರ್ಜಿಗಾಗಿ ಕಾಯದೆ, ತಾಲ್ಲೂಕು ಕಚೇರಿಯಲ್ಲೂ ಸೈನಿಕ ಕಲ್ಯಾಣ ಇಲಾಖೆಯಲ್ಲೂ ಒಂದೊಂದು ಪ್ರತಿ ಇರಿಸುವ ಕೆಲಸ ಈ ಕೆಲವೇ ವರ್ಷಗಳೊಳಗೆ ನಡೆಯಬೇಕು.